ಹಳದಿ ಗರಿಯ ಚಾಪೆ

ಅಜ್ಜಿಯ ಹಾಸಿಗೆ ಎತ್ತಿ ನೋಡಿದ ಫುವಾತಿನೊಗೆ ಕಂಡದ್ದು ಬರೀ ನೆಲ. ನಿನ್ನೆಯವರೆಗೆ ಅದರ ಕೆಳಗೆ ಮಟ್ಟಸವಾಗಿ ಹಾಸಿಟ್ಟಿದ್ದ ಚಾಪೆ ನಾಪತ್ತೆಯಾಗಿತ್ತು.

ಕೂರುವ ಚಾಪೆಯಲ್ಲ ಅದು, ಮದುವೆಗೋ ಸಾವಿಗೋ ಉಡುಗೊರೆ ಕೊಡುವಂಥದ್ದು. ಬಟ್ಟೆಯಷ್ಟು ನಯ, ವಾಯೋಸಜ್ಜಿ ಎರಡು ವರ್ಷ ಬೆನ್ನು ಬಗ್ಗಿಸಿ ಹೆಣೆದದ್ದು. ಅಂಚಿನುದ್ದಕ್ಕೂ ಕೆಂಪು ಗರಿಗಳು, ಮೂಲೆಯಲ್ಲಿ ಮಾತ್ರ ಒಂದೇ ಒಂದು ಹಳದಿ ಗರಿ. ಕೊನೆಯ ಗರಿ ಕಟ್ಟುವ ಹೊತ್ತಿಗೆ ಕೆಂಪು ಮುಗಿದುಹೋಗಿತ್ತು, ಪೇಟೆಗೆ ಹೋಗಲು ಅಜ್ಜಿಗೆ ಸೋಮಾರಿತನ.

"ಅಜ್ಜೀ, ಚಾಪೆ ಎಲ್ಲಿ?"

"ಸಾವಿನ ಮನೆಗೆ ಕೊಟ್ಟೆ." ಅಜ್ಜಿ ಕೆಂಡದ ಮೇಲಿನ ದೀವಿಹಲಸನ್ನು ಮಗುಚಿ ಹಾಕಿದಳು. "ಬರಿಗೈಲಿ ಹೋಗೋಕಾಗುತ್ತೇನೇ? ಮಾನ ಮರ್ಯಾದೆ ಬೇಡ್ವಾ?"

"ಅದು ನನ್ನ ಪರೀಕ್ಷೆ ಕಣಜ್ಜಿ. ನಂಬರ್ ಚೀಟಿ ಬೇರೆ ಕಟ್ಟಿದ್ದೆ."

"ಅದಾ? ಬೆಲೆ ಚೀಟಿ ಅಂದ್ಕೊಂಡು ಕಿತ್ತು ಒಲೆಗೆ ಹಾಕ್ದೆ. ಸಾವಿನ ಮನೆಗೆ ಬೆಲೆ ಸಮೇತ ಕೊಡ್ತಾರಾ ಯಾರಾದ್ರೂ?"

ಫುವಾತಿನೊ ಕುಸಿದು ಕೂತಳು. ಆರು ವರ್ಷದಿಂದ ಅವಳು ಸಲೆಲೊಲೊಂಗದ ದೋಣಿಕಟ್ಟೆಯ ಕಿಟಕಿಯಲ್ಲಿ ಟಿಕೆಟ್ ಹರಿಯುತ್ತಿದ್ದಳು. ಒಂದು ವರ್ಷದಿಂದ ಕೆಲಸ ಮುಗಿಸಿ ಬಂದು ಆನ್‌ಲೈನಿನಲ್ಲಿ ವಸ್ತುಸಂಗ್ರಹಾಲಯದ ಕೆಲಸ ಕಲಿಯುತ್ತಿದ್ದಳು. ರಾಜಧಾನಿ ಆಪಿಯಾದ ಒಂದು ಸಂಗ್ರಹಾಲಯ ಅವಳಿಗಾಗಿ ಹುದ್ದೆಯೊಂದನ್ನು ಕಾದಿರಿಸಿತ್ತು. ಪರೀಕ್ಷೆ ಪಾಸಾದರೆ ಆಪಿಯಾ, ಇಲ್ಲದಿದ್ದರೆ ಮುದುಕಿಯಾಗುವ ತನಕ ಅದೇ ಕಿಟಕಿ.

ಪರೀಕ್ಷೆಯ ನಿಯಮ ಸರಳ: ಮನೆಯ ಒಂದು ವಸ್ತುವನ್ನು ಆರಿಸಿ, ಅದರ ಕುಲಗೋತ್ರ ಬರೆದು, ಕ್ಯಾಮೆರಾದ ಮುಂದೆ ತೋರಿಸಬೇಕು. ಫೋಟೊ ನಡೆಯುವುದಿಲ್ಲ. ಚಾಪೆಯ ಹೆಸರು ಕೊಟ್ಟಾಗಿತ್ತು, ಬದಲಾಯಿಸುವಂತಿರಲಿಲ್ಲ.

ನಿಯಮ ಮಾಡಿದವರು ವೆಲಿಂಗ್ಟನ್ನಿನ ಹಿಲರಿ ಪ್ರೆಂಟಿಸ್ ಮೇಡಂ. ತೆರೆಯ ಮೇಲೆ ಅವರೆಂದರೆ ಒಂದು ಬಿಳಿ ಗೋಡೆ, ಎರಡು ಬಿಳಿ ಗವಸು, ನಗಲು ಮರೆತ ಒಂದು ಮುಖ. ಎಲ್ಲೋ ಹಿಂದಿನಿಂದ ನಾಯಿಯ ಗೊರಕೆ. ಒಮ್ಮೆ ಫುವಾತಿನೊ ಚಾಪೆ ಹರಡಿ ಅಭ್ಯಾಸ ಮಾಡುತ್ತಿದ್ದಾಗ ಮೇಡಂ ತೆರೆಗೆ ಬಂದ ಗಳಿಗೆಯಲ್ಲೇ ಮನೆಯ ಕೋಳಿ ಅದರ ಮೇಲೆ ಹಾದುಹೋಯಿತು. ಅವಳು ತಟಕ್ಕನೆ ಕ್ಯಾಮೆರಾ ಮುಚ್ಚಿದಳು. ಮೇಡಂಗೆ ಕಂಡದ್ದು ಕೋಳಿಯ ಕಾಲು ಮಾತ್ರ. ಹತ್ತು ಅಂಕ ಹೋಯಿತು.

"ಸಂಗ್ರಹದ ವಸ್ತುವಿನ ಹತ್ತಿರ ಪ್ರಾಣಿ ಸುಳಿಯಬಾರದು," ಎಂದಿದ್ದರು ಮೇಡಂ. "ಇದು ಗೊತ್ತಿಲ್ಲದವರು ಈ ಕೆಲಸಕ್ಕೆ ಬರಲೇಬಾರದು."

ಪುಣ್ಯಕ್ಕೆ ಚಾಪೆ ಹೋದ ವಾರವೇ ಮೇಡಂ ಹದಿನೈದು ದಿನ ರಜೆ ಹಾಕಿದರು. ಪರೀಕ್ಷೆ ಮುಂದಕ್ಕೆ ಹೋಯಿತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಫುವಾತಿನೊ ಚಾಪೆಯ ಬೆನ್ನು ಹತ್ತಿದಳು.

ಸಾವಿನ ಮನೆಯವರು ಅದನ್ನು ಪಾದ್ರಿಗಳ ಮನೆಗೆ ಕೊಟ್ಟಿದ್ದರು. ಪಾದ್ರಿಗಳ ಹೆಂಡತಿ ಇವಳಿಗೆ ತಟ್ಟೆ ತುಂಬ ಊಟ ಬಡಿಸಿ, ಎರಡನೇ ಸಲ ಬಡಿಸಿ, ಆಮೇಲೆ ಬಾಯಿ ಬಿಟ್ಟರು: ಅಣ್ಣನ ಮಗನ ಮದುವೆ ಇತ್ತು, ಚಾಪೆ ಆಕ್ಲೆಂಡಿಗೆ ಹಾರಿದೆ. ಫುವಾತಿನೊ ಆ ಅಣ್ಣನ ಹೆಂಡತಿ ಮಲಾಯೆಯಾಗೆ ಫೋನ್ ಹಚ್ಚಿದಳು.

"ಬೀಗರಿಗೆ ಕೊಟ್ಟಾಯ್ತಮ್ಮ," ಎಂದರು ಮಲಾಯೆಯಾ. "ಒಳ್ಳೆ ಚಾಪೆ. ಅದ್ಯಾವ ಸೋಮಾರಿನೋ ಒಂದು ಹಳದಿ ಗರಿ ಕಟ್ಟಿದ್ಳು. ನಾಚಿಕೆಯಾಗಿ ಆ ಮೂಲೆ ಒಳಗೆ ಮಡಚಿ ಕೊಟ್ವಿ."

ಪಕ್ಕದಲ್ಲೇ ಕಿವಿಯಾನಿಸಿದ್ದ ಸೋಮಾರಿ ಮುಖ ಗಂಟು ಹಾಕಿಕೊಂಡಳು.

"ಬೀಗರು ನಮ್ಮವರೇನಾ?"

"ಬಿಳಿಯರು ಕಣಮ್ಮ. ಹೊಸ ಸೊಸೇನೇ ಅದನ್ನ ತನ್ನ ಮನೆಗೆ ತಗೊಂಡು ಹೋದ್ಳು."

ಅಲ್ಲಿಗೆ ಮುಗಿಯಿತು. ನಮ್ಮವರ ಮನೆ ಸೇರಿದ್ದರೆ ಚಾಪೆ ಮುಂದಿನ ಮದುವೆಗೋ ಸಾವಿಗೋ ಮತ್ತೆ ಹೊರಡುತ್ತಿತ್ತು, ಎಲ್ಲಾದರೂ ಅಡ್ಡಹಾಕಬಹುದಿತ್ತು. ಬಿಳಿಯರ ಮನೆ ಹೊಕ್ಕ ಚಾಪೆ ಅಲ್ಲೇ ಲಂಗರು ಹಾಕಿಬಿಡುತ್ತದೆ. ಫುವಾತಿನೊ ಗೊಳೋ ಎಂದು ಅತ್ತಳು.

"ಅಳ್ಬೇಡ್ವೇ," ಎಂದಳು ಅಜ್ಜಿ. "ಇಟ್ಕೊಂಡಿದ್ದನ್ನ ಇಲಿ ತಿನ್ನುತ್ತೆ. ಕೊಟ್ಟಿದ್ದು ಒಂದು ಸುತ್ತು ಹೊಡ್ದು ಬರುತ್ತೆ."

"ಸೋಮವಾರ ಹತ್ತು ಗಂಟೆಗೆ ಬರುತ್ತಾ?"

"ಅಷ್ಟು ಅವಸರ ಮಾಡಿದ್ರೆ ಹೇಗೆ?"

ಸೋಮವಾರ ಹತ್ತು ಗಂಟೆ. ಕೋಳಿಯನ್ನು ಬುಟ್ಟಿಯಡಿ ಕವುಚಿ ಹಾಕಿದ್ದಾಯಿತು. ಅಜ್ಜಿ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಳು. ಒಪ್ಪಿಕೊಂಡು ಕ್ಷಮೆ ಕೇಳುವುದೆಂದು ಫುವಾತಿನೊ ತೀರ್ಮಾನಿಸಿದ್ದಳು.

ಮೇಡಂ ತೆರೆಗೆ ಬಂದರು. ಹಿಂದೆ ಬಿಳಿ ಗೋಡೆ ಇರಲಿಲ್ಲ; ಅರ್ಧ ಬಿಚ್ಚಿದ ಪೆಟ್ಟಿಗೆಗಳು, ಮೂಲೆಯಲ್ಲಿ ಕಾಲು ಚಾಚಿ ಮಲಗಿದ ದೊಡ್ಡ ಕಪ್ಪು ನಾಯಿ. ಗೊರಕೆಯ ಒಡೆಯನನ್ನು ಫುವಾತಿನೊ ನೋಡಿದ್ದು ಅದೇ ಮೊದಲು.

"ಮನೆ ಬದಲಾಯಿಸಿದೆ. ಸಾಮಾನು ಇನ್ನೂ ಜೋಡಿಸಿಲ್ಲ," ಎಂದರು ಮೇಡಂ. ಎಡಗೈ ಗವಸಿನಡಿ ಮೊದಲಿಲ್ಲದ ಉಂಗುರವೊಂದು ಉಬ್ಬಿತ್ತು. "ಸರಿ, ವಸ್ತು ತೋರಿಸಿ."

"ಮೇಡಂ, ಮೊದಲು ಒಂದು ಮಾತು ಹೇಳ್ಬೇಕು."

"ಮೊದಲು ವಸ್ತು. ವಸ್ತುವಿಲ್ಲದಿದ್ದರೆ ಸೊನ್ನೆ."

"ನನ್ನ ಹತ್ರ ಇಲ್ಲ ಮೇಡಂ. ನಮ್ಮಜ್ಜಿ..."

ಅಷ್ಟರಲ್ಲಿ ಮೂಲೆಯ ನಾಯಿ ಮೈಮುರಿದು ಮಗ್ಗುಲು ಬದಲಾಯಿಸಿತು. ಫುವಾತಿನೊ ತೆರೆಯ ಹತ್ತಿರಕ್ಕೆ ಬಾಗಿ ನೋಡಿದಳು. ಅಜ್ಜಿಯ ಕೈಯಿಂದ ಬೀಸಣಿಗೆ ಬಿತ್ತು.

"ಜೋಪಾನ ಮಾಡಲಾಗದವರು ಈ ಕೋರ್ಸಿಗೆ ಯಾಕೆ ಸೇರಿದಿರಿ?" ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಕೊನೆಯ ಪ್ರಶ್ನೆ. ವಸ್ತು ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಅದಾದರೂ ಗೊತ್ತೇ?"

"ಗೊತ್ತು ಮೇಡಂ," ಎಂದಳು ಫುವಾತಿನೊ. "ನಿಮ್ಮ ನಾಯೀನ ಸ್ವಲ್ಪ ಎಬ್ಬಿಸಿ, ಹಳದಿ ಗರಿ ಅದರ ಬಾಲದ ಕೆಳಗಿದೆ."