ಎಂಟುನೂರು ಸಾಲುಗಳ ಅಪರಾಧಿ

ಓಟ್ಸ್ ಗಂಜಿ ಇನ್ನೇನು ಕುದಿಯಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಉಲ್ರಿಕಾ ಸೌಟು ತಿರುಗಿಸುತ್ತಲೇ ಎತ್ತಿದಳು. ಕಚೇರಿಯ ಮುಖ್ಯಸ್ಥೆ ಶೆರ್ಸ್ಟಿನ್.

"ಮೊದಲ ಫೆರಿ ಬಾಗಿಲು ಹಾಕದೇ ದಡ ಬಿಟ್ಟಿದೆ ಕಣೇ. ಜನ ಬಚಾವು, ಒಂದು ಸೈಕಲ್ ನೀರುಪಾಲು. ಬಾಗಿಲು ಮುಚ್ಚಿದೆಯಾ ಅಂತ ನೋಡೋ ಎರಡು ಸಾಲು ನಮ್ಮ ಪ್ರೋಗ್ರಾಮಿನಲ್ಲೇ ಇಲ್ಲ. ಯಾರು ಅಳಿಸಿದ್ದು, ಒಂಬತ್ತರೊಳಗೆ ಹೇಳು. ಹೊಸಬ ಆಲ್ಬಿನ್ನನ ಪರೀಕ್ಷಾವಧಿ ಇವತ್ತಿಗೆ ಮುಗಿಯುತ್ತೆ. ಅವನೇ ಆಗಿದ್ರೆ ಕೆಲಸ ಖಾಯಂ ಮಾಡಲ್ಲ."

"ಮಗಳಿಗೆ ಜ್ವರ, ರಜೆ ಹಾಕಿದೀನಿ. ಆದ್ರೂ ನೋಡ್ತೀನಿ ಬಿಡು," ಎಂದಳು ತ್ಯಾಗಮೂರ್ತಿ.

ಫೆರಿಗಳ ಪ್ರೋಗ್ರಾಮು ಬರೆಯುವ ನಾಲ್ವರ ಆ ತಂಡದಲ್ಲಿ ಅತಿ ಎಚ್ಚರದವಳು ಉಲ್ರಿಕಾ. ಪ್ರತಿ ಸಭೆಯಲ್ಲೂ ಅವಳೇ ಅದನ್ನು ಹೇಳಿದ್ದಳು. ಇಬ್ಬರು ಒಂದೇ ಕಡೆ ತಿದ್ದಿದಾಗ, ಯಾರದ್ದನ್ನು ಉಳಿಸಲಿ, ಯಾರದ್ದನ್ನು ಅಳಿಸಲಿ ಎಂದು ಕಂಪ್ಯೂಟರ್ ಕೇಳುತ್ತದೆ. ಉಳಿದವರು ಕಾಫಿ ಹಿಡಿದು ಗಂಟೆಗಟ್ಟಲೆ ಚರ್ಚಿಸುತ್ತಿದ್ದರು. ಉಲ್ರಿಕಾ 'ನನ್ನದು' ಎಂಬ ಗುಂಡಿ ಒತ್ತಿ ಮನೆಗೆ ಹೋಗುತ್ತಿದ್ದಳು.

ಗಂಜಿಯನ್ನು ಮಗಳ ಮುಂದಿಟ್ಟು, ಹೋದ ತಿಂಗಳ ಪ್ರೋಗ್ರಾಮನ್ನೂ ಇವತ್ತಿನದನ್ನೂ ಅಕ್ಕಪಕ್ಕ ತೆರೆದಳು. ತೆಗೆದ ಸಾಲು ಕೆಂಪು, ಸೇರಿಸಿದ್ದು ಹಸಿರು, ಪಕ್ಕದಲ್ಲಿ ತಿದ್ದಿದವರ ಹೆಸರು. ಮೇಲಿಂದ ಕೆಳಗೆ ಎಂಟುನೂರು ಸಾಲು ಬಣ್ಣವೋ ಬಣ್ಣ. ಕಣ್ಣು ಹಾಯಿಸಿದಲ್ಲೆಲ್ಲ ಒಂದೇ ಹೆಸರು: ಆಲ್ಬಿನ್. ಮುಂದೆ ಓದುವ ಅಗತ್ಯವೇ ಕಾಣಲಿಲ್ಲ.

"ಅಮ್ಮಾ, ಇದು..." ಏಳು ವರ್ಷದ ಟೂವಾ ಪರದೆಗೆ ಬೆರಳು ತೋರಿಸಿದಳು.

"ಆಮೇಲೆ ಕೇಳು ಪುಟ್ಟಾ. ಅಮ್ಮ ಕಳ್ಳನ್ನ ಹಿಡೀತಿದಾಳೆ."

ನ್ಯಾಯವಾಗಿರಬೇಕಲ್ಲ, ಅವನಿಗೂ ಒಂದು ಕರೆ ಮಾಡಿದಳು.

"ಸಾಲುಗಳು ಒಂದು ಒಳಗೆ ಒಂದು ಹೊರಗೆ ಇದ್ವು, ಮುಂದಿನ ಖಾಲಿ ಜಾಗ ಸರಿಮಾಡಿ ನೇರ ಮಾಡಿದೆ ಅಷ್ಟೇ," ಎಂದ ಆಲ್ಬಿನ್. "ಒಂದಕ್ಷರಾನೂ ಮುಟ್ಟಿಲ್ಲ ಉಲ್ರಿಕಾ, ನಿಜವಾಗ್ಲೂ."

"ಮುಟ್ಟದೇ ಎಂಟುನೂರು ಕಡೆ ನಿನ್ನ ಹೆಸರು ಬಂತಾ? ಗಾಳಿ ಬರೆದು ಹೋಯ್ತಾ?"

"ಸರಿಯಾಗಿ ಹೋಲಿಸಿ ನೋಡು. ನಾನು ಮುಟ್ಟೋ ಮೊದಲೇ..."

"ಹದಿನಾಲ್ಕು ವರ್ಷದಿಂದ ಹೋಲಿಸ್ತಾ ಇದೀನಪ್ಪಾ. ನಿಂಗಿನ್ನೂ ಆರು ತಿಂಗಳು."

ಅವನು ಫೋನಿಟ್ಟ. ತಪ್ಪೊಪ್ಪಿಗೆಯೇ ಎಂದುಕೊಂಡಳು.

ಎಂಟೂವರೆಗೆ ವರದಿ ಕಳಿಸಿದಳು. ಎಂಟೂ ಮುಕ್ಕಾಲಿಗೆ ಶೆರ್ಸ್ಟಿನ್ ಮತ್ತೆ ಫೋನು ಮಾಡಿದಳು. "ಹೇಳಿಯಾಯ್ತು. ಪಾಪ, ಜಗಳಾನೂ ಆಡಲಿಲ್ಲ, ಬ್ಯಾಗ್ ತುಂಬ್ಕೊಂಡ. ನೀನಿರೋದಕ್ಕೆ ಆಯ್ತು ನೋಡು."

"ನನಗೂ ಬೇಜಾರೇ," ಎಂದು ಉಲ್ರಿಕಾ ಕಾಫಿಗೆ ನೀರಿಡಲು ಎದ್ದಳು. ಬೇಜಾರು ಒಲೆಯವರೆಗೂ ಬರಲಿಲ್ಲ.

ಟೂವಾ ಈಗಷ್ಟೇ ಓದಲು ಕಲಿತವಳು. ಕಂಡಿದ್ದನ್ನೆಲ್ಲ ಕೂಡಿಸಿ ಓದುವುದು, ಓದಿದ್ದನ್ನೆಲ್ಲ ಒತ್ತುವುದು. ಪರದೆಯ ಮೂಲೆಯಲ್ಲಿ ಪುಟ್ಟ ಚೌಕ. "ಖಾ-ಲಿ ಜಾ-ಗ-ದ ವ್ಯ-ತ್ಯಾ-ಸ ಬಿ-ಡಿ." ಒತ್ತಿದಳು.

ಎಂಟುನೂರು ಸಾಲುಗಳ ಬಣ್ಣ ಒಮ್ಮೆಲೇ ಆರಿಹೋಯಿತು. ಆಲ್ಬಿನ್ನನ ಹೆಸರು ಎಲ್ಲೂ ಇಲ್ಲ. ನಡುವೆ ಎರಡೇ ಎರಡು ಸಾಲು ಕೆಂಪಗೆ ಉಳಿದವು.

"ಅಮ್ಮಾ," ಕಾಯುತ್ತಿದ್ದ ಟೂವಾ ಕೊನೆಗೂ ಜೋರಾಗಿ ಕೇಳಿದಳು, "ಈ ಎರಡು ಕೆಂಪು ಸಾಲಿನ ಪಕ್ಕ ಯಾಕೆ ನಿನ್ನ ಹೆಸರಿದೆ?"