ಕೊಳವೆಗೆ ಹೊದಿಸಿದ ಕಂಬಳಿ

ಗದಗಿನಲ್ಲಿ ಚಳಿಗಾಲ ಎಂಟು ತಿಂಗಳಿಗೆ ಹಿಗ್ಗಿ ಹನ್ನೆರಡು ವರ್ಷವಾಗಿತ್ತು. ಊರಿಗೆ ನೀರು ಬಿಡುವ ಶಿವಲೀಲಾ ಬೆಳಿಗ್ಗೆ ಟ್ಯಾಂಕಿನ ಬಳಿ ಬಂದಾಗ, ಮುದುಕ ಕಾವಲುಗಾರ ಫಕೀರಪ್ಪ ತನ್ನ ಕಂಬಳಿಯನ್ನು ಕೊಳವೆಗೆ ಸುತ್ತಿ, ಗಾಳಿಗೆ ಗಡಗಡ ನಡುಗುತ್ತ ನಿಂತಿದ್ದ.

"ಗಾಳಿ ಸೇರಿ ಮೈನಸ್ ನಾಲ್ಕು ಅಂತ ರೇಡಿಯೋದಾಗ ಹೇಳ್ಯಾರವ್ವಾ. ಪೈಪ್ ಒಡದ್ರ ಊರಿಗೆ ನೀರಿಲ್ಲ."

ಶಿವಲೀಲಾ ಗೋಡೆಯ ಥರ್ಮಾಮೀಟರ್ ನೋಡಿದಳು. ಮೂರು ಡಿಗ್ರಿ ಇತ್ತು.

"ಕಾಕಾ, ಆ ಮೈನಸ್ ನಾಲ್ಕು ನಮ್ಮ ಮೈಗೆ ಹೇಳಿದ್ದು. ಗಾಳಿ ಎಷ್ಟ ಬೀಸಿದ್ರೂ ಪೈಪು ಈ ಮೂರಕ್ಕಿಂತ ಕೆಳಗ ಇಳಿಯೂದಿಲ್ಲ. ಬಿಸಿ ಇರೂದು ನಿನ್ನ ಮೈಯಾಗ. ಗಾಳಿ ಕದಿಯೂದೂ ಅದನ್ನ."

ಕಂಬಳಿ ಬಿಚ್ಚಿ ಅವನ ತಲೆಗೆ ಹೊದಿಸಿದಳು. ವಾಲ್ವ್ ತಿರುಗಿಸಿದಳು.

ನೀರಿನ ಸದ್ದು ಕೇಳಲು ಫಕೀರಪ್ಪ ಕಿವಿಯ ಮೇಲಿನ ಕಂಬಳಿ ಸರಿಸಿದ.

"ನೀರ ಬಂದೈತಿ. ಕಿವಿ ಮುಚ್ಕೊ," ಅಂದಳು ಶಿವಲೀಲಾ.