ಹದಿನಾಲ್ಕು ಸಾವಿರ ಹೆಜ್ಜೆ

ಮೂರನೆಯ ಆಂಬುಲೆನ್ಸ್ ಇಟ್ಟಮಡುವಿನ ಆ ಗಲ್ಲಿಗೆ ನುಗ್ಗಿದಾಗ ಮೊದಲೆರಡು ಹೊರಗೆ ಬರಲಾಗದೆ ಸಿಕ್ಕಿಕೊಂಡಿದ್ದವು. ಮೂರೂ ಒಂದೇ ಕಂಪನಿಯವು. ದಾರಿ ಬಿಡೆಂದು ಒಂದಕ್ಕೊಂದು ಕೂಗಿಕೊಳ್ಳುತ್ತಿದ್ದವು.

ನಾಲ್ಕನೆಯ ಮಹಡಿಯಲ್ಲಿ, ಕಮಲಾದೇವಿಯವರ ಮನೆಯಲ್ಲಿ, ಮೂವರು ರೋಗಿಗಳು ಚೌಕಾಬಾರ ಆಡುತ್ತಿದ್ದರು. ಗುರುಶಾಂತಪ್ಪನವರ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿಯಿತ್ತು.

“ಸಾರ್, ಅಲ್ಲಾಡ್ಬೇಡಿ,” ಎಂದ ಆಂಬುಲೆನ್ಸಿನ ನೀಲಿ ಅಂಗಿಯವನು. “ನಿಮ್ಮ ಹಾರ್ಟ್ ರೇಟ್ ನೂರ ಐವತ್ತಾರಿದೆ.”

“ನಂದಾ?”

“ಮೂರೂ ಜನದ್ದು ಸಾರ್.”

ಮೂವರೂ ಮುಖ ಮುಖ ನೋಡಿಕೊಂಡರು. ಕಮಲಾದೇವಿ ಸೆರಗನ್ನು ಮುಂಗೈವರೆಗೆ ಎಳೆದುಕೊಂಡರು. ಮೂರನೆಯ ಮಹಡಿಯ ತಿರುಮಲೇಶರು ಎರಡೂ ಕೈ ಶಾಲಿನೊಳಗೆ ಇಟ್ಟುಕೊಂಡರು. ಗುರುಶಾಂತಪ್ಪ ಮಾತ್ರ ಕವಡೆ ಕೆಳಗಿಡಲಿಲ್ಲ.

“ಒಂದು ಗರ ಹಾಕ್ಬಿಟ್ಟು ಬರ್ತೀನಿ ಕಣಪ್ಪಾ.”

ಬಿಡಲಿಲ್ಲ. ಸ್ಟ್ರೆಚರಿಗೆ ಬಿಗಿದರು.

ಲಿಫ್ಟ್ ಕೆಟ್ಟು ನಾಲ್ಕು ದಿನವಾಗಿತ್ತು. ಮೆಟ್ಟಿಲಿನಲ್ಲೇ ಇಳಿಸಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಮನೆಗೆಲಸದ ತಿಮ್ಮಕ್ಕ ಬಕೆಟ್ ಪಕ್ಕ ಕೂತಿದ್ದಳು. ಸೀರೆಯ ಮೇಲೆ ತೊಟ್ಟಿದ್ದ ಉದ್ದ ತೋಳಿನ ಹಳೆಯ ಶರ್ಟು ಗುರುಶಾಂತಪ್ಪನವರದೇ. ಬೆವರಿಗೆ ಅದು ಬೆನ್ನಿಗಂಟಿತ್ತು.

“ಜರುಗಮ್ಮ, ಹಾರ್ಟ್ ಪೇಷೆಂಟು!”

ತಿಮ್ಮಕ್ಕ ಗೋಡೆ ಹಿಡಿದು ಎದ್ದು ದಾರಿ ಬಿಟ್ಟಳು. “ಹೋಗ್ಬನ್ನಿ ಯಜಮಾನ್ರೆ. ನಿಮ್ಗೇನೂ ಆಗಾಕಿಲ್ಲ,” ಎಂದು ಏದುಸಿರಿನಲ್ಲೇ ಧೈರ್ಯ ಹೇಳಿದಳು.

ಗುರುಶಾಂತಪ್ಪನವರಿಗೆ ಎಪ್ಪತ್ತೆಂಟು. ರಾಮನಗರದ ಕಡೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ತೂಕದವರಾಗಿದ್ದರು. ಒಂದು ದಿನವೂ ತೂಕ ತಪ್ಪಿಸಿದವರಲ್ಲ. ಈಗ ಮಗ ಸೊಸೆಯ ಜೊತೆಗಿದ್ದರು. ಇಬ್ಬರೂ ಕೆಲಸಕ್ಕೆ ಹೋಗುವವರು. ಸೊಸೆ ಲಿಖಿತಾ ಹಿರಿಯರನ್ನು ನೋಡಿಕೊಳ್ಳುವ ಆ ಕಂಪನಿಗೆ ಮಾವನನ್ನು ಸೇರಿಸಿದ್ದಳು. ಅವರು ಒಂದು ವಾಚು ಕೊಟ್ಟರು. ಅದು ಹೆಜ್ಜೆ ಎಣಿಸುತ್ತಿತ್ತು, ಎದೆಬಡಿತ ಕೇಳುತ್ತಿತ್ತು, ಎಲ್ಲವನ್ನೂ ಲಿಖಿತಾಳ ಫೋನಿಗೆ ಹೇಳುತ್ತಿತ್ತು. ಕಮಲಾದೇವಿ, ತಿರುಮಲೇಶರಿಗೂ ಅವರವರ ಮಕ್ಕಳು ಅದನ್ನೇ ಕೊಡಿಸಿದರು.

ಷರತ್ತು ಒಂದೇ. ದಿನಕ್ಕೆ ಆರು ಸಾವಿರ ಹೆಜ್ಜೆ ಆಗದಿದ್ದರೆ ವಸಂತಪುರದಲ್ಲಿ ಕಂಪನಿ ನಡೆಸುವ ಹಗಲು ಕೇಂದ್ರಕ್ಕೆ ಹೋಗಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಲ್ಲಿ ಹಿರಿಯರು ಚಪ್ಪಾಳೆ ತಟ್ಟಿ ನಗುತ್ತಾರೆ, ಬಲೂನು ದಾಟಿಸುತ್ತಾರೆ. ತಿರುಮಲೇಶರು ಒಂದು ವಾರ ಹೋಗಿ ಬಂದಿದ್ದರು. ಹೈಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಮನುಷ್ಯ ಗಿಣಿಗೆ ಹಸಿರು ಬಣ್ಣ ಬಳಿದು, ‘ಗುಡ್’ ಎಂದು ಬರೆಸಿಕೊಂಡು ಬಂದರು. ಆ ಹಾಳೆಯನ್ನು ನೋಡಿದ ದಿನವೇ ಗುರುಶಾಂತಪ್ಪ ತೀರ್ಮಾನ ಮಾಡಿದರು: ಉಳಿದ ಹಗಲುಗಳು ಚೌಕಾಬಾರಕ್ಕೇ.

ಆಮೇಲೆ ಮೂವರ ಹೆಜ್ಜೆಗಳೂ ಏರತೊಡಗಿದವು. ಎಂಟು ಸಾವಿರ, ಹತ್ತು ಸಾವಿರ. ಕಳೆದ ವಾರ ಹದಿನಾಲ್ಕು ಮುಟ್ಟಿತು. ಕಂಪನಿ ಮೂವರ ಫೋಟೋ ಹಾಕಿ ಉಳಿದ ಹಿರಿಯರಿಗೆಲ್ಲ ಕಳಿಸಿತು.

ಆಸ್ಪತ್ರೆಯಲ್ಲಿ ಮೂವರಿಗೂ ಸಾಲಾಗಿ ಮಂಚ. ಸ್ಕೂಟರಿನಲ್ಲಿ ಓಡಿ ಬಂದ ಲಿಖಿತಾಳ ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು.

“ನಾನೇ ತಪ್ಪು ಮಾಡ್ದೆ ಮಾವ. ಈ ವಯಸ್ಸಲ್ಲಿ ಅಷ್ಟೊಂದು ಓಡಾಡಿಸಬಾರದಿತ್ತು. ನಿಜ ಹೇಳಿ, ಅಷ್ಟೂ ಹೆಜ್ಜೆ ನಡೆದಿದ್ದಾ?”

“ನಡೆದಿದ್ದು ನಿಜ ಕಣಮ್ಮ. ಒಂದು ಹೆಜ್ಜೇನೂ ಸುಳ್ಳಲ್ಲ.”

“ಇಸಿಜಿ ಮಾಡ್ಬೇಕು, ವಾಚ್ ಬಿಚ್ಚಿಡಿ ಅಂಕಲ್,” ಎಂದಳು ನರ್ಸ್.

“ಅದನ್ನ ಮೊದಲೇ ಬಿಚ್ಚಿದ್ದೀನಮ್ಮ.”

ಅವರ ಬಡಿತ ಎಪ್ಪತ್ತೆರಡು ಬಂತು. ತಿರುಮಲೇಶರದು ಎಪ್ಪತ್ತು. ಕಮಲಾದೇವಿಯವರದು ಎಪ್ಪತ್ತೈದು, ಅವರು ಕಾಫಿ ಸಿಗುತ್ತದೆಯೇ ಎಂದು ಕೇಳಿದರು.

ಡಾಕ್ಟರ್ ಸಂಘಮಿತ್ರಾ ಕಂಪನಿ ಕಳಿಸಿದ ಎದೆಬಡಿತದ ಮೂರು ನಕ್ಷೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಂದರ ಮೇಲೊಂದು ಇಟ್ಟು ದೀಪಕ್ಕೆ ಹಿಡಿದರು. ಮೂರೂ ಒಂದೇ ಗೆರೆ. ಹತ್ತು ನಲವತ್ತೆರಡಕ್ಕೆ ಮೂವರ ಎದೆಯೂ ಒಟ್ಟಿಗೇ ಓಡಿತ್ತು, ಒಟ್ಟಿಗೇ ತಾಳ ತಪ್ಪಿತ್ತು.

“ಸಾಧ್ಯವೇ ಇಲ್ಲ,” ಎಂದು ನಕ್ಕುಬಿಟ್ಟರು. “ವಾಚು ಕೆಟ್ಟಿವೆ ಅಷ್ಟೇ. ಮೂರನ್ನೂ ಕಂಪನಿಗೆ ವಾಪಸ್ ಕೊಟ್ಬಿಡಿ. ನಿಮ್ಮ ಮಾವ ಕಲ್ಲುಗುಂಡು ಇದ್ದಂಗಿದ್ದಾರೆ.”

“ಇನ್ನು ವಾಚೂ ಬೇಡ, ಕಂಪನೀನೂ ಬೇಡ,” ಎಂದು ಲಿಖಿತಾ ಕಣ್ಣೊರೆಸಿಕೊಂಡಳು. “ನಿಮ್ಮಿಷ್ಟ ಬಂದಂಗೆ ಮನೇಲೇ ಇರಿ ಮಾವ.”

ಕಮಲಾದೇವಿ ಗೆದ್ದವರಂತೆ ದಿಂಬಿಗೊರಗಿದರು. ತಿರುಮಲೇಶರು ಪಕ್ಕದ ಮಂಚದಿಂದ ಬಾಗಿ ಪಿಸುಗುಟ್ಟಿದರು: “ಮನೆಗೆ ಹೋಗಿ ನಿಮ್ಮ ಕಾಯಿ ಹಣ್ಣು ಮಾಡ್ಕೊಳಿ. ಬಾಯಿ ಮಾತ್ರ ಬಿಡ್ಬೇಡಿ.”

ಗುರುಶಾಂತಪ್ಪ ಡಾಕ್ಟರನ್ನೇ ನೋಡುತ್ತಿದ್ದರು.

“ಒಂದ್ವೇಳೆ ಆ ಗೆರೆ ನಿಜ ಆಗಿದ್ರೆ?”

“ನಿಜ ಆಗಿದ್ರೆ ಆ ಮನುಷ್ಯ ಈಗ ಇಲ್ಲಿರ್ಬೇಕಿತ್ತು. ತಡ ಮಾಡಿದ್ರೆ ಸಂಜೆವರೆಗೂ ಕಷ್ಟ. ಯಾಕೆ ಸಾರ್?”

ಗುರುಶಾಂತಪ್ಪ ಎದ್ದು ಕೂತರು. ತಿರುಮಲೇಶರು ಬೇಡವೆಂದು ಕೈಯಾಡಿಸಿದರು. ಲಿಖಿತಾ ಗಾಬರಿಯಿಂದ ಹತ್ತಿರ ಬಂದಳು.

“ನಾಳೆಯಿಂದ ವಸಂತಪುರಕ್ಕೇ ಕಳಿಸಮ್ಮ, ಗಿಣಿಗೆ ಬಣ್ಣ ಬಳೀತೀನಿ,” ಎಂದರು. “ಈಗ ಒಂದು ಗಾಡೀನ ಬೇಗ ಮನೆ ಹತ್ರ ವಾಪಸ್ ಓಡ್ಸಿ. ಮೂರು ವಾಚೂ ತಿಮ್ಮಕ್ಕನ ಕೈಯಲ್ಲಿವೆ.”